ಟೆಸ್ಟ್ ಗೆದ್ದ ದಿನ ಅಮ್ಮ ನಿಂತೇ ಇದ್ದಳು

ನಿನ್ನೆ ಭಾರತ ಟೆಸ್ಟ್ ಗೆದ್ದಿತೆಂದು ಅಣ್ಣಾ ನಗರದ ನನ್ನ ತಮ್ಮನ ಮನೆಯ ಕೆಳಗೆ ಹುಡುಗರು ಸರಪಟಾಕಿ ಹೊಡೆದರು. ಆ ಹೊಗೆಯ ವಾಸನೆ ನನಗೆ ಇವತ್ತಿಗೂ ಹೇಸಿಗೆ.

ನಾನು ಚಿಕ್ಕವಳಿದ್ದಾಗ ಮದರಾಸಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಟೆಸ್ಟ್ ಇದ್ದರೆ ಅಪ್ಪನ ಆಫೀಸಿನವರೆಲ್ಲ ನಮ್ಮ ರೇಡಿಯೋ ಮುಂದೆ ಬೆವರಿನ ಬನಿಯನ್ನಿನಲ್ಲಿ ಬಂದು ಕೂರುತ್ತಿದ್ದರು. ಎದುರಾಳಿಯ ವಿಕೆಟ್ ಬಿದ್ದಾಗ ಯಾರು ಹೇಗಿದ್ದರೋ ಹಾಗೇ ಇರಬೇಕು, ಅಲುಗಿದರೆ ಅದೃಷ್ಟ ಕೆಡುತ್ತದೆ ಎಂಬುದು ಅವರ ನೇಮ.

ಆ ದಿನ ತುಂಬು ಬಸುರಿ ಅಮ್ಮ ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದ ಗಳಿಗೆಯಲ್ಲೇ ವಿಕೆಟ್ ಬಿತ್ತು.

"ಅಲ್ಲೇ ನಿಂತ್ಕೊಳೇ," ಎಂದರು ಅಪ್ಪ.

"ಅಸೈಯಾದೀಂಗ ಮಾಮಿ," ಎಂದು ಪಕ್ಕದ ಮನೆಯ ತಮಿಳಿನವರು ಅಲುಗಬೇಡಿ ಎಂದು ಬೇಡುತ್ತ ಕೈ ಮುಗಿದರು.

"ಕಾಲು ಬಾತ್ಕೊಂಡಿದೆ ಕಣ್ರೀ," ಎಂದಳು ಅಮ್ಮ. ಯಾರೂ ತಿರುಗಿ ನೋಡಲಿಲ್ಲ.

ಉಳಿದ ವಿಕೆಟ್‌ಗಳು ಬೀಳುವವರೆಗೂ ಅವಳು ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಗೆದ್ದದ್ದೇ ತಡ, ಗಂಡಸರೆಲ್ಲ ಕೇಕೆ ಹಾಕುತ್ತ ಪಟಾಕಿ ಹೊಡೆಯಲು ಬೀದಿಗೆ ಓಡಿದರು. ಇನ್ನು ಕೂತುಕೋ ಎಂದು ಅವಳಿಗೆ ಒಬ್ಬರೂ ಹೇಳಲಿಲ್ಲ. ಮೈತುಂಬ ಹೊಗೆ ವಾಸನೆಯೊಂದಿಗೆ ಒಳಬಂದ ಅಪ್ಪ ಅವಳ ಕೈಯಲ್ಲಿದ್ದ ತಟ್ಟೆಯ ಲೋಟ ಮುಟ್ಟಿ ನೋಡಿದರು.

"ಆರೋಗಿದೆಯಲ್ಲೇ. ಬಿಸಿ ಮಾಡ್ಕೊಂಡ್ ಬಾ."

ಅಂದು ಅವಳ ಹೊಟ್ಟೆಯಲ್ಲಿದ್ದವನೇ ಈ ತಮ್ಮ. ನಿನ್ನೆ ಗೆಲ್ಲುವ ಮುಂಚೆ ಟಿವಿ ಮುಂದೆ ಕಾಲು ಚಾಚಿ ಕೂತು, ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೋಗುತ್ತಿದ್ದ ಹೆಂಡತಿಗೆ ಹೇಳಿದ: "ಏ, ಅಲ್ಲೇ ನಿಲ್ಲು."