ಬಾಗಿಲು ನೋಡದೆ ಹೇಳಿದ ‘ರೈಟ್’

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟೋ ಸಲ. ಮಳೆ ಕಳೆಯಲಿ, ಮೊಮ್ಮಗಳ ಮದುವೆ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದು ಮುಂದೆ ಹಾಕುತ್ತಲೇ ಬಂದೆ. ಈಗ ನೆವಗಳೂ ಮುಗಿದಿವೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ಒಂದು ಬಸ್ಸಿನ ಕಂಡಕ್ಟರ್. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ ಬೇರೆ. ಡ್ರೈವರ್ ನರಸಿಂಹರಾಜಪುರದವರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು.

ಅವರದೊಂದು ಅಭ್ಯಾಸ. ಬ್ರೇಕ್ ಜೋರಾಗಿ ಒತ್ತಿ ಜನ ಮುಗ್ಗರಿಸಿದರೆ, ಯಾರದೋ ಸ್ಟಾಪು ದಾಟಿಹೋದರೆ, ಗಟ್ಟಿಯಾಗಿ “ನಂದೇ ತಪ್ಪು!” ಎನ್ನುವುದು. ದನ ಅಡ್ಡ ಬಂತು, ರಸ್ತೆ ಸರಿಯಿಲ್ಲ ಎಂಬ ಮಾತೇ ಇಲ್ಲ. ಹೇಳಿದ ಮೇಲೆ ಅದನ್ನು ಹೊತ್ತು ತಿರುಗುವುದೂ ಇಲ್ಲ. ಮರುಗಳಿಗೆಗೆ ಅವರ ಕಣ್ಣು ಎದುರಿನ ತಿರುವಿನ ಮೇಲೆ.

ಕೊಪ್ಪದಲ್ಲಿ ಹತ್ತುವ ಅಡಿಕೆ ವ್ಯಾಪಾರಿಯೊಬ್ಬರು ಒಮ್ಮೆ ಕೆಣಕಿದರು: “ಏನು ಸೆಕೆ ಮಾರಾಯ್ರೆ! ಸಾಹೇಬ್ರೇ, ಇದೂ ನಿಮ್ದೇ ತಪ್ಪಾ?”

“ಅಲ್ಲಪ್ಪ, ಅದು ಕಂಡಕ್ಟರಂದು. ಬಿಸಿಲನ್ನ ಟಿಕೆಟ್ ಇಲ್ದೆ ಹತ್ತಿಸಿದ್ದಾನೆ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ಜನ ಪೂರ್ತಿ ಇಳಿಯುವ ಮೊದಲೇ ‘ರೈಟ್’ ಎನ್ನುವುದು ನನ್ನ ಶೋಕಿ. ಕಾಲು ಈ ಸ್ಟಾಪಿನಲ್ಲಿದ್ದರೆ ಮನಸ್ಸು ಮುಂದಿನದರಲ್ಲಿ. “ಬಾಗಿಲು ನೋಡಿ ಹೇಳು ಮಾರಾಯ. ಮುಂದಿನ ಸ್ಟಾಪ್ ಎಲ್ಲೂ ಓಡಿಹೋಗಲ್ಲ,” ಎಂದು ಸಾಹೇಬ್ರು ಎಷ್ಟು ಸಲ ಹೇಳಿದ್ದರೋ.

ಒಂದು ಮಧ್ಯಾಹ್ನ ನಮ್ಮ ಮನೆ ದಾರಿಯ ಹತ್ತಿರ ನನ್ನ ಅತ್ತಿಗೆ ಇಳಿಯುತ್ತಿದ್ದರು. ಅಣ್ಣನ ಹೆಂಡತಿ, ತಾಯಿ ಹೋದ ಮೇಲೆ ನನಗೆ ಅನ್ನ ಹಾಕಿದವರು. ಸೀಟಿಗೆ ಜಗಳವಾಡುತ್ತಿದ್ದ ಇಬ್ಬರ ಕಡೆ ಮುಖ ಮಾಡಿಕೊಂಡೇ ನಾನು ‘ರೈಟ್’ ಎಂದೆ. ಅತ್ತಿಗೆಯ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿತ್ತು. ಬಸ್ಸು ಹೊರಟಿತು. ಅವರು ಬಿದ್ದು ಬಲ ಮೊಣಕೈ ಮುರಿಯಿತು.

ಜನ ಕೂಗಾಡಿದರು. ಸಾಹೇಬ್ರು ಇಳಿದು ಬಂದು, “ನಂದೇ ತಪ್ಪು” ಎಂದರು. ಜಗಳದ ಗದ್ದಲದಲ್ಲಿ ನನ್ನ ‘ರೈಟ್’ ಯಾರೂ ಗಮನಿಸಿರಲಿಲ್ಲ, ಎಲ್ಲರೂ ನಂಬಿದರು. ನಾನು ಅತ್ತಿಗೆಯನ್ನು ಎತ್ತಿ ಕೂರಿಸಿದೆ, ಬಾಯಿ ಬಿಡಲಿಲ್ಲ. ಮಾಲೀಕರು ಸಾಹೇಬ್ರನ್ನು ಸ್ಟೇರಿಂಗಿನಿಂದ ಇಳಿಸಿ ಶೆಡ್ಡಿನಲ್ಲಿ ಬಸ್ಸು ತೊಳೆಯಲು ಹಾಕಿದರು.

ಕೆಲವು ವಾರ ತಡೆದೆ. ಆಮೇಲೆ ಆಗಲಿಲ್ಲ, ಶೆಡ್ಡಿಗೆ ಹೋದೆ. ಅವರು ಏನೋ ಗುನುಗುತ್ತಾ ಚಕ್ರದ ಕೆಸರು ಉಜ್ಜುತ್ತಿದ್ದರು.

“ಸಾಹೇಬ್ರೇ, ಅವತ್ತು ನೋಡದೆ ರೈಟ್ ಅಂದದ್ದು ನಾನು.”

“ಗೊತ್ತು. ನಾನೇನು ಕಿವುಡನಾ?”

“ಮತ್ತೆ ನಿಮ್ಮ ಮೇಲೆ ಯಾಕೆ ಹಾಕ್ಕೊಂಡ್ರಿ?”

“ನಿಂದು ನಾನೆಲ್ಲಿ ಹಾಕ್ಕೊಂಡೆ? ಕನ್ನಡಿ ನೋಡದೆ ಗಾಡಿ ಬಿಟ್ಟವನು ನಾನು. ನನ್ನ ಪಾಲು ನಾನು ಹೇಳಿದೆ. ನಿನ್ನ ಪಾಲು ಹಾಗೇ ಇದೆ. ಅದನ್ನ ಅತ್ತಿಗೆಗೆ ಹೇಳು, ಇವತ್ತೇ. ಇದೆಲ್ಲ ಅನ್ನ ಇದ್ದ ಹಾಗೆ ಮಾರಾಯ, ನಾಳೆಗೆ ಇಟ್ರೆ ಹಳಸ್ತದೆ.”

ಇಷ್ಟು ಹೇಳಿ ಮುಂದಿನ ಚಕ್ರಕ್ಕೆ ನೀರು ಹಾಕಿದರು.

ಹೇಳಿಯೇ ಬಿಡುತ್ತೇನೆಂದು ಅವತ್ತು ಊಟಕ್ಕೆ ಕೂತೆ. ಅತ್ತಿಗೆ ಎಡಗೈಯಲ್ಲಿ ಸೌಟು ಹಿಡಿದು, “ಎಡಗೈಲಿ ಬಡಿಸ್ತಿದೀನಿ, ಏನೂ ತಿಳ್ಕೋಬೇಡ,” ಎಂದರು. ನನ್ನ ಹತ್ತಿರ ಅವರು ಕ್ಷಮೆ ಕೇಳುತ್ತಿದ್ದರು! ಆಮೇಲೆ, “ಆ ಸಾಹೇಬ್ರು ಮನೆ ತನಕ ಬಂದು ತಪ್ಪಾಯ್ತು ಅಂದ್ರು. ಎಂಥ ಮನುಷ್ಯ ನೋಡು,” ಎಂದರು.

“ಹೌದು ಅತ್ತಿಗೆ,” ಎಂದು ಅನ್ನ ಕಲಸಿದೆ.

ಮಳೆಗಾಲ ಮುಗಿದ ಮೇಲೆ ಸಾಹೇಬ್ರು ಮತ್ತೆ ಸ್ಟೇರಿಂಗ್ ಹಿಡಿದರು. ಹೇಳಿದೆಯಾ ಎಂದು ಒಂದು ದಿನವೂ ಕೇಳಲಿಲ್ಲ. ಅಲ್ಲಿಂದಾಚೆ ಬಾಗಿಲು ನೋಡದೆ ನಾನು ‘ರೈಟ್’ ಎಂದಿಲ್ಲ. ಅವರಿಂದ ಕಲಿಯಲು ನನ್ನಿಂದಾದದ್ದು ಅಷ್ಟೇ. ಈಗ ಅವರಿಲ್ಲ.

ಅತ್ತಿಗೆ ಇದ್ದಾರೆ, ಜಯಪುರದಲ್ಲಿ ಮಗನ ಮನೆಯಲ್ಲಿ. ಹೋದಾಗಲೆಲ್ಲ ಎದುರು ಕೂರಿಸಿ, ನೆಟ್ಟಗಾಗದ ಬಲಗೈ ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲೇ ಬಡಿಸುತ್ತಾರೆ. ನಾಳೆ ಹೇಳೋಣ ಎಂದುಕೊಂಡು ಉಂಡು ಬರುತ್ತೇನೆ. ಸಾಹೇಬ್ರಿಗೆ ಹೇಳಿದ್ದು ದೊಡ್ಡದಲ್ಲ, ಅವರಿಗೆ ಗೊತ್ತೇ ಇತ್ತು. ನಾನು ಇವತ್ತಿನವರೆಗೂ ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ನನ್ನ ಅತ್ತಿಗೆಯ ಹತ್ತಿರ.