ಅಟ್ಟದ ಮೇಲೆ ಹದಿನೇಳು ಕೋಲು

ಪರಮೇಶ ಕೋಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಲೊಟಕ್ ಅಂತು. ಇನ್ನೊಮ್ಮೆ ಅಲ್ಲಾಡಿಸಿದ. ಲೊಟಕ್, ಲೊಟಕ್.

ನಮ್ಮ ತಿಪಟೂರು ಸೀಮೆಯವರಿಗೆ ಆ ಸದ್ದು ಕೇಳಿದರೆ ಸಂತೋಷವಾಗುತ್ತದೆ. ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಮಲಗಿದ ತೆಂಗಿನಕಾಯಿಯ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಲೊಟಕ್ ಅಂದರೆ ಕೊಬ್ಬರಿ ಆಯಿತು ಅಂತ ಅರ್ಥ. ಇನ್ನು ಸುಲಿಯಬಹುದು, ಒಡೆಯಬಹುದು, ಮಾರಬಹುದು.

ಆದರೆ ಪರಮೇಶನ ಕೈಯಲ್ಲಿದ್ದದ್ದು ತೆಂಗಿನಕಾಯಿಯಲ್ಲ. ಗಾಲ್ಫ್ ಆಡುವ ಕೋಲು. ಅದು ಸದ್ದು ಮಾಡಿದರೆ ಸತ್ತಿದೆ ಅಂತ ಅರ್ಥ.

ಮೂರು ವಾರದ ಹಿಂದೆ ಇದೇ ಜಾಗದಲ್ಲಿ ಈ ಕತೆಯನ್ನು ತಮಾಷೆಯಾಗಿ ಬರೆದಿದ್ದೆ. ಓದಿ ನಕ್ಕೆವು ಅಂತ ನಾಲ್ಕಾರು ಜನ ಕಾಗದವನ್ನೂ ಬರೆದಿರಿ. ಇವತ್ತು ಅದನ್ನೇ ಮತ್ತೆ ಬರೆಯುತ್ತಿದ್ದೇನೆ. ತಮಾಷೆ ಬಿಟ್ಟು.

ಹೊಸ ಓದುಗರಿಗಾಗಿ ಎರಡು ಮಾತು. ಅರಳಗುಪ್ಪೆಯ ಪರಮೇಶ ನನ್ನ ಹೈಸ್ಕೂಲ್ ಸಹಪಾಠಿ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದೆ, ಅವನು ಫೇಲಾದ. ನಾನು ಮೈಸೂರಿಗೆ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಅವನು ಬೆಂಗಳೂರಿಗೆ ಹೋಗಿ, ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಸೋದರಮಾವನ ಜೊತೆ ಸೇರಿಕೊಂಡ. ಸಾಹೇಬರ ಬ್ಯಾಗು ಹೊತ್ತ. ಸಾಹೇಬರು ಮನೆಗೆ ಹೋದ ಮೇಲೆ ತಾನೂ ಚೆಂಡು ಹೊಡೆದ. ಹೊಡೆದೂ ಹೊಡೆದೂ ಪ್ರೊಫೆಷನಲ್ ಆದ. ಅಂದರೆ ಆಟವೇ ಅವನ ಹೊಟ್ಟೆಪಾಡು. ಬೆಳಿಗ್ಗೆ ಮೆಂಬರುಗಳಿಗೆ ಆಟ ಕಲಿಸುವುದು, ಚಳಿಗಾಲದಲ್ಲಿ ಟೂರ್ನಮೆಂಟುಗಳಿಗೆ ಹೋಗುವುದು.

(ಅವನ ಅಣ್ಣ ಗಂಗಣ್ಣನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಚೆಂಡು ಹೊಡೆಯಾಕೆ ಸಂಬ್ಳ ಕೊಡ್ತಾರೆ ಅಂದ್ರೆ, ಮರ ಹತ್ತಿ ಕಾಯಿ ಕೀಳೋನಿಗೆ ಏನ್ ಕೊಡ್ಬೇಕಪ್ಪ?" ಅನ್ನುತ್ತಾರೆ.)

ಹೋದ ವರ್ಷ ಪರಮೇಶ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಪಟ್ಟಿ ಹಾಕಿಸಿಕೊಂಡು ಊರಿಗೆ ಬಂದು ಒಂದು ತಿಂಗಳಿದ್ದ. ಬರುವಾಗ ಸೋದರಮಾವನ ಕೈಯಲ್ಲಿ ಹೊರಿಸಿಕೊಂಡು ಬ್ಯಾಗನ್ನೂ ತಂದಿದ್ದ. ಕಣ್ಣೆದುರಿಗೆ ಇರಲಿ ಅಂತ. ಮೂಳೆ ಡಾಕ್ಟರನ್ನು ನೋಡಲು ವಾಪಸ್ಸು ಬೆಂಗಳೂರಿಗೆ ಹೋಗುವಾಗ ಬ್ಯಾಗನ್ನು ಇಲ್ಲೇ ಬಿಟ್ಟ. ಒಬ್ಬನೇ, ಒಂದೇ ಕೈಯಲ್ಲಿ ಬಸ್ಸಿನಲ್ಲಿ ಅಷ್ಟು ಭಾರ ಹೇಗೆ ಹೊರುವುದು?

ಕೈ ಕೂಡುವುದಕ್ಕೆ ತಿಂಗಳುಗಳೇ ಹಿಡಿದವು. ಯಾರದೋ ಕೋಲಿನಲ್ಲಿ ಮೆಲ್ಲಗೆ ಆಡಲು ಶುರು ಮಾಡಿದ. ಅಷ್ಟರಲ್ಲಿ ಅವನು ಕೆಲಸ ಮಾಡುವ ಕ್ಲಬ್ಬಿನವರು ಕರೆದು ಹೇಳಿದರಂತೆ: ಕಲ್ಕತ್ತೆಯ ಟೂರ್ನಮೆಂಟಿಗೆ ಹೋಗು. ಅರ್ಧ ಆಟಗಾರರನ್ನು ಕೈಬಿಡುವ ಮೊದಲ ಎರಡು ದಿನ ದಾಟಿ ಮುಂದಕ್ಕೆ ಹೋದೆಯೋ, ಕೈ ಸರಿಯಾಗಿದೆ ಅಂತ ನಂಬುತ್ತೇವೆ, ಕೆಲಸ ನಿನ್ನದೇ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಬ್ಯಾಗು ತೆಗೆದುಕೊಂಡು ಹೋಗಲು ಊರಿಗೆ ಬಂದ. ಕಲ್ಕತ್ತೆಗೆ ಒಂದು ವಾರ ಉಳಿದಿತ್ತು. ಸುದ್ದಿ ತಿಳಿದು ನಾನೂ ತಿಪಟೂರಿನಿಂದ ಅರಳಗುಪ್ಪೆಗೆ ಹೋದೆ. ಆಟಗಾರನೊಬ್ಬ ಯಾವ ಕೋಲು ಬೇಕು, ಯಾವುದು ಬೇಡ ಅಂತ ಹೇಗೆ ಆರಿಸುತ್ತಾನೆ ಅಂತ ನೋಡಬೇಕಿತ್ತು. (ಸರಿ, ನಿಜ ಹೇಳುತ್ತೇನೆ. ಆ ವಾರ ಅಂಕಣಕ್ಕೆ ವಿಷಯ ಇರಲಿಲ್ಲ.)

ಗಂಗಣ್ಣ ಏಣಿ ಹಾಕಿ ಅಟ್ಟದಿಂದ ಬ್ಯಾಗನ್ನು ಇಳಿಸಿದರು. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿದರು.

"ನೋಡ್ಕೋ ಪರಮೇಶ. ಒಂದ್ ಇಲಿ ಮುಟ್ಟಿಲ್ಲ, ಗೆದ್ಲು ಹತ್ತಿಲ್ಲ. ಕೊಬ್ರಿ ನೋಡ್ಕಂಡಂಗೆ ನೋಡ್ಕಂಡಿವ್ನಿ."

ಅದೇ ಆಗಿದ್ದು. ಕೊಬ್ಬರಿಯನ್ನು ನೋಡಿಕೊಂಡ ಹಾಗೇ ನೋಡಿಕೊಂಡಿದ್ದರು. ಮಳೆಗಾಲದಲ್ಲಿ ಕಾಯಿಗೆ ಥಂಡಿ ಹಿಡಿಯಬಾರದು ಅಂತ ಅಟ್ಟದ ಕೆಳಗೆ ಮಟ್ಟೆ, ಸಿಪ್ಪೆ ಹಾಕಿ ಹೊಗೆ ಕೊಡುತ್ತಾರೆ. ಬ್ಯಾಗಿಗೂ ಕೊಟ್ಟಿದ್ದರು.

ಪರಮೇಶ ಹಜಾರದಲ್ಲಿ ಚಾಪೆ ಹಾಸಿ ಕೋಲುಗಳನ್ನು ಸಾಲಾಗಿ ಇಟ್ಟ. ಹದಿನೇಳು. ಹಿಡಿಗೆ ಸುತ್ತಿದ್ದ ಚರ್ಮ ಒಣಗಿ ಹಪ್ಪಳವಾಗಿತ್ತು. ಇಡೀ ಹಜಾರ ಹೊಗೆ ವಾಸನೆ.

"ಆಟದಾಗೆ ಹದಿನಾಲ್ಕಕ್ಕಿಂತ ಜಾಸ್ತಿ ಒಯ್ಯಂಗಿಲ್ಲ ಕಣ್ಲಾ. ರೂಲ್ಸು. ಪ್ರತಿ ಸಲ ಮೂರು ಬುಡ್ಬೇಕು. ಆ ಮೂರು ಯಾವು ಅನ್ನೋದ್ರಾಗೇ ಅರ್ಧ ಆಟ ಐತೆ" ಅಂದ.

"ಹೆಂಗೆ ಆರಿಸ್ತೀಯ?"

"ಒಂದೊಂದು ಕೋಲು ಒಂದೊಂದು ದೂರಕ್ಕೆ. ಇದು ಇನ್ನೂರು ಗಜ ಹೋದ್ರೆ, ಇದು ನೂರ ತೊಂಬತ್ತು. ಒಂದು ಬುಟ್ರೆ ಆ ದೂರದಾಗೆ ಒಂದು ತೂತು ಬೀಳ್ತದೆ. ಚೆಂಡು ಹೋಗಿ ಸರಿಯಾಗಿ ಆ ತೂತಿನಾಗೇ ಕುಂತ್ಕಂತದೆ. ಆಗ ಏನ್ ಮಾಡ್ತೀಯ? ದೊಡ್ಡ ಕೋಲು ತಗೊಂಡು ಮೆಲ್ಲಗೆ ಹೊಡೀಬೇಕು, ಇಲ್ಲ ಸಣ್ಣ ಕೋಲು ತಗೊಂಡು ಜೋರಾಗಿ ಹೊಡೀಬೇಕು. ಎರಡೂ ಸುಳ್ಳೇಟು."

"ಹಂಗಾದ್ರೆ ಯಾವ ತೂತು ಬಿಡೋದು?"

"ಎಲ್ಲಿ ಆಡ್ತೀವೋ ಅದನ್ನ ನೋಡಿ. ಕಲ್ಕತ್ತೇಲಿ ಎಲ್ಲಿ ನೋಡಿದ್ರೂ ಕಟ್ಟೆ, ನೀರು. ನೆಲ ತೇವ. ಚೆಂಡು ಬಿದ್ದಲ್ಲೇ ಕುಂತ್ಕಂತದೆ, ಉರುಳಕ್ಕಿಲ್ಲ. ಎತ್ತರಕ್ಕೆ ಹಾರ್ಸಿ ನೀರು ದಾಟಿಸ್ಬೇಕು. ಅದಕ್ಕೆ ಮರದ ತಲೆಯವು ಬೇಕೇ ಬೇಕು. ಕಬ್ಬಿಣದ ಉದ್ದನೆಯವು ಬ್ಯಾಡ, ಅವು ಕೈಗೆ ಅದುರು ಕೊಡ್ತಾವೆ. ಕೈ ಇನ್ನೂ ಹಸಿ."

ನನಗೆ ಖುಷಿಯಾಯಿತು. ಎಷ್ಟು ಒಳ್ಳೆಯ ಅಂಕಣ! ಮನಸ್ಸಿನಲ್ಲೇ ಬರೆಯಲು ಶುರು ಮಾಡಿದ್ದೆ.

ಆಗ ಅವನು ಮರದ ತಲೆಯ ಮೊದಲನೆಯ ಕೋಲನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.

ಮರದ ತಲೆಯವು ನಾಲ್ಕಿದ್ದವು. ಹೊಗೆಗೆ ಮರ ಒಣಗಿ, ಕುಗ್ಗಿ, ಮೂರು ಕೋಲುಗಳ ತಲೆಗಳು ಸಡಿಲವಾಗಿದ್ದವು. ಒಂದರ ಹಣೆಯಲ್ಲಿ ಉಗುರು ತೂರುವಷ್ಟು ಸೀಳು. ನಾಲ್ಕನೆಯದು, ಎಲ್ಲಕ್ಕಿಂತ ಗಿಡ್ಡನೆಯದು, ಸದ್ದು ಮಾಡಲಿಲ್ಲ.

ಮೂರನ್ನು ಪಕ್ಕಕ್ಕೆ ಇಟ್ಟ. ಉಳಿದವನ್ನು ಎಣಿಸಿದ. ಸರಿಯಾಗಿ ಹದಿನಾಲ್ಕು. ಕೈಗೆ ಅದುರು ಕೊಡುವ ಕಬ್ಬಿಣದವೆಲ್ಲ ಇದ್ದವು. ಇನ್ನೂರು ಗಜದಿಂದ ಆಚೆಗೆ ಬರೀ ತೂತು. ಆರಿಸುವ ಕೆಲಸ ಮುಗಿದಿತ್ತು, ಆರಿಸಿದ್ದು ಹೊಗೆ.

"ಬೇರೆ ಕೊಂಡ್ಕೋಬೋದಲ್ಲ?" ಅಂದೆ. ಪೆದ್ದ ಪ್ರಶ್ನೆ.

"ಒಂದ್ ವಾರದಾಗೆ? ವಿಲಾಯ್ತಿಯಿಂದ ಬರ್ಬೇಕು ಕಣ್ಲಾ ಇವು."

"ಯಾರ ಹತ್ರಾನಾದ್ರೂ ಕೇಳಿ..."

"ಬ್ಯಾರೆಯೋರ ಕೋಲು ಬ್ಯಾರೆಯೋರ ಚಪ್ಲಿ ಇದ್ದಂಗೆ. ನಡೀಬೋದು. ಓಡಕ್ಕಾಗಕ್ಕಿಲ್ಲ."

ಆಮೇಲೆ ಬೈಯದೆ, ಸಿಟ್ಟಿಲ್ಲದೆ ಕೇಳಿದ: "ಅಣ್ಣ, ಅಟ್ಟಕ್ಕೆ ಹಾಕು ಅಂದೋರು ಯಾರು?"

"ಹಾಕಿದ್ದು ನಾನೇ ಕಣಪ್ಪ. ಹಾಕು ಅಂತ ಅಂದಿದ್ದು..." ಗಂಗಣ್ಣ ನಿಲ್ಲಿಸಿದರು. ಹಣೆ ಉಜ್ಜಿಕೊಂಡರು.

ಹಜಾರದಲ್ಲಿ ಇದ್ದವರು ಗೌರಕ್ಕನ ಕಡೆ ನೋಡಿದರು. ಗೌರಕ್ಕ ಗಂಗಣ್ಣನ ಹೆಂಡತಿ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು.

"ಹೂಂ, ನಾನೇ ಅಂದಿದ್ದು" ಅಂದರು. "ಹುಡುಗ್ರು ಹುಣ್ಸೆಕಾಯಿ ಉದುರ್ಸೋಕೆ ಎಳ್ಕಂಡು ಹೋಯ್ತಾವೆ ಅಂತ."

"ನಿಂಗೆ ಬುದ್ಧಿ ಬ್ಯಾಡ್ವೇನೇ?" ಗಂಗಣ್ಣ ಗುಡುಗಿದರು. ಹದಿನೈದು ನಿಮಿಷದ ಹಿಂದೆ ಇಲಿ ಮುಟ್ಟಿಲ್ಲ ಅಂತ ಎದೆ ಉಬ್ಬಿಸಿದ ಮನುಷ್ಯ. ಪರಮೇಶ "ಬುಡಣ್ಣ, ಅತ್ತಿಗೆಗೇನು ಗೊತ್ತು" ಅಂದ. ಗೌರಕ್ಕ ಲೋಟ ಇಟ್ಟು ಒಳಗೆ ಹೋದರು.

ಇದನ್ನೇ ಮೂರು ವಾರದ ಹಿಂದೆ ಬರೆದದ್ದು. ಅಟ್ಟಕ್ಕೆ ಹಾಕು ಅಂದವರು ಯಾರು ಅಂತ ನನಗೆ ಚೆನ್ನಾಗಿ ನೆನಪಿತ್ತು ಕಣ್ರೀ. ಹೋದ ವರ್ಷ ಪರಮೇಶ ಬ್ಯಾಗು ಬಿಟ್ಟು ಬೆಂಗಳೂರಿಗೆ ಹೋದ ವಾರ ನಾನು ಆ ಮನೆಯಲ್ಲಿದ್ದೆ. ಬ್ಯಾಗು ಗೂಟದಲ್ಲಿ ನೇತಾಡುತ್ತಿತ್ತು. ಗೌರಕ್ಕ ಒರಳಿನ ಹತ್ತಿರ ಕೈ ಒರೆಸಿಕೊಳ್ಳುತ್ತಾ, "ಕೊಬ್ರಿ ಕಾಯೋ ಅಟ್ಟ ಕೋಲು ಕಾಯಕ್ಕಿಲ್ವಾ?" ಅಂದದ್ದು, ಸೆರಗಿನ ಬಣ್ಣ ಸಮೇತ, ಕಣ್ಣಿಗೆ ಕಟ್ಟಿದ ಹಾಗಿತ್ತು. ಆ ಮಾತನ್ನು ಹಾಗೇ ಬರೆದೆ. ನೀವು ನಕ್ಕಿದ್ದು ಆ ಮಾತಿಗೇ.

ಹೋದ ವಾರ ತುರುವೇಕೆರೆಯ ಒಬ್ಬ ಮೇಷ್ಟ್ರು ಕಾಗದ ಬರೆದರು. ಬಹಳ ವಿನಯದ ಕಾಗದ. "ತಮ್ಮ ಅಂಕಣಗಳನ್ನು ಕತ್ತರಿಸಿ ಇಡುವ ಅಭ್ಯಾಸ ನನಗಿದೆ. ಹೋದ ವರ್ಷ ಇದೇ ಗಾಲ್ಫ್ ಗೆಳೆಯರ ಬಗ್ಗೆ ಬರೆದಾಗ ಈ ಮಾತನ್ನು ತಾವೇ ಹೇಳಿದ್ದಾಗಿ ಬರೆದಿದ್ದೀರಿ. ಯಾವುದು ಸರಿ ಎಂದು ತಿಳಿಸಬೇಕಾಗಿ ಪ್ರಾರ್ಥನೆ."

ಟ್ರಂಕು ತೆಗೆದು ಹಳೆಯ ಪತ್ರಿಕೆಗಳನ್ನು ಹುಡುಕಿದೆ. ಸಿಕ್ಕಿತು. ನನ್ನ ಹೆಸರಿನ ಕೆಳಗೆ, ಕಪ್ಪು ಅಕ್ಷರದಲ್ಲಿ: "ನಾನೆಂದೆ, ಕೊಬ್ಬರಿ ಕಾಯುವ ಅಟ್ಟ ಕೋಲು ಕಾಯುವುದಿಲ್ಲವೇ? ಎಲ್ಲರೂ ತಲೆದೂಗಿದರು."

ಎಲ್ಲರೂ ತಲೆದೂಗಿದರಂತೆ!

ಹಾಗಾದರೆ ಹೇಳಿದ್ದು ನಾನೇ. ಆಗಿನ್ನೂ ಒಂದು ವಾರದ ನೆನಪು, ಬಿಸಿ ಬಿಸಿಯಾಗಿ ಬರೆದದ್ದು. ಅದನ್ನೇ ನಂಬಬೇಕಲ್ಲವೇ?

ಆದರೆ ಅಂಕಣ ಬರೆಯುವವನ ಒಂದು ಗುಟ್ಟು ನಿಮಗೆ ಹೇಳಬೇಕು. ಯಾರಾದರೂ ಚೆಂದದ ಮಾತಾಡಿದರೆ ನಾವು ಅದನ್ನು ಎತ್ತಿ ನಮ್ಮ ಬಾಯಿಗೆ ಹಾಕಿಕೊಳ್ಳುತ್ತೇವೆ. ಬಸ್ಸಿನಲ್ಲಿ ಕೇಳಿದ್ದು, ಸಂತೆಯಲ್ಲಿ ಕೇಳಿದ್ದು, ಎಲ್ಲ "ನಾನೆಂದೆ" ಆಗುತ್ತದೆ. ಗೌರಕ್ಕನ ಮಾತನ್ನೂ ಹಾಗೆ ಕದ್ದಿದ್ದರೆ? ನಾನು ಹೇಳಿದ್ದರೆ ಕೋಲು ಕೆಡಿಸಿದವನು ನಾನು. ಅವರು ಹೇಳಿದ್ದರೆ, ಮಾತು ಚೆಂದ ಅನ್ನಿಸಿದಾಗ ನನ್ನದು ಅಂದು, ಕೋಲು ಕೆಟ್ಟಾಗ ಅವರಿಗೆ ವಾಪಸ್ಸು ಕೊಟ್ಟವನು ನಾನು. ಇದರಲ್ಲಿ ಯಾವುದು ವಾಸಿ?

ಮೈಸೂರಿನಲ್ಲಿ ನಮ್ಮ ಮೇಷ್ಟ್ರುಗಳು ಎಲ್ಲವನ್ನೂ ಸಂಶಯಪಡಿ ಅಂತ ಕಲಿಸಿದರು. ದೇವರನ್ನು ಸಂಶಯಪಟ್ಟೆ. ಜ್ಯೋತಿಷ್ಯವನ್ನು, ಜಾತಿಯನ್ನು, ಮಂತ್ರಿಗಳ ಭಾಷಣವನ್ನು ಸಂಶಯಪಟ್ಟೆ. ಈ ಅಂಕಣದಲ್ಲಿ ನಿಮ್ಮ ನಂಬಿಕೆಗಳನ್ನೂ ಅಲ್ಲಾಡಿಸಿ ಸದ್ದು ಕೇಳಿದೆ. ನನ್ನ ತಲೆಯನ್ನು ಒಂದು ಸಲವೂ ಅಲ್ಲಾಡಿಸಿ ನೋಡಿರಲಿಲ್ಲ. ತೂತು ಬಿದ್ದ ಕಡೆಯೆಲ್ಲ ಸುಳ್ಳೇಟು ಹೊಡೆಯುತ್ತಾ ಬಂದಿದ್ದೆ. ಇನ್ನು ಎಷ್ಟು ಕಡೆ ಹೊಡೆದಿದ್ದೇನೋ, ಯಾರ ಹೆಸರಿನಲ್ಲಿ ಹೊಡೆದಿದ್ದೇನೋ.

ಮೇಷ್ಟ್ರ ಕಾಗದದ ಮಾರನೆಯ ದಿನ ಪರಮೇಶನ ಕಾರ್ಡು ಬಂತು. ಮೂರೇ ಸಾಲು. ಎರಡನೆಯ ದಿನ ಒಂದು ಕಡೆ ನೀರು ದಾಟಿಸಬೇಕಿತ್ತಂತೆ. ಕಬ್ಬಿಣದ್ದರಲ್ಲಿ ಹೊಡೆದನಂತೆ. ಕೈ ಅದುರಿತು, ಚೆಂಡು ನೀರಿಗೆ ಬಿತ್ತು, ಇನ್ನೊಂದೂ ಬಿತ್ತು. "ಕ್ಲಬ್ಬಿಗೆ ಬೇರೆಯವರು ಬಂದಾಯ್ತು. ಸಾಮಾನು ತಗೊಂಡು ಊರಿಗೆ ಬತ್ತಿದ್ದೀನಿ."

ಹಳೆಯ ಪತ್ರಿಕೆಯನ್ನು ಮಡಿಸಿಕೊಂಡು ನಿನ್ನೆ ಅರಳಗುಪ್ಪೆಗೆ ಹೋದೆ. ಪರಮೇಶ ಅಟ್ಟದ ಮೇಲಿದ್ದ. ಕಾಯಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಆದದ್ದನ್ನು ಕೆಳಗೆ ಗಂಗಣ್ಣನಿಗೆ ಎಸೆಯುತ್ತಿದ್ದ. ಎಡಗೈಯಲ್ಲಿ.

"ಬಾರ್ಲಾ" ಅಂದ ಮೇಲಿನಿಂದ. "ಇದ್ರಾಗೆ ಹದ್ನಾಲ್ಕು ಅಂತ ರೂಲ್ಸಿಲ್ಲ ನೋಡು." ನಗಲು ನೋಡಿದ.

ನಾನು ಪತ್ರಿಕೆ ತೆಗೆದೆ. ಅಟ್ಟಕ್ಕೆ ಹಾಕು ಅಂದದ್ದು ನಾನೇ ಇರಬಹುದು ಅಂತ ಹೇಳಲು ಶುರು ಮಾಡಿದೆ. ಪರಮೇಶ "ಇನ್ಯಾಕ್ಲಾ ಅದು, ಬುಡು" ಅಂದು ಇನ್ನೊಂದು ಕಾಯಿ ಎತ್ತಿಕೊಂಡ. ಗಂಗಣ್ಣ ಸಿಪ್ಪೆ ಗುಡಿಸುತ್ತಾ ಕೇಳದವರ ಹಾಗಿದ್ದರು.

ಅಡುಗೆಮನೆಗೆ ಹೋಗಿ ಗೌರಕ್ಕನ ಎದುರಿಗೆ ಪತ್ರಿಕೆ ಹಿಡಿದೆ. "ಅಕ್ಕ, ನಿಜ ಹೇಳಿ. ಅವತ್ತು ಅಂದಿದ್ದು ನೀವಾ, ನಾನಾ?"

ಅವರು ಪತ್ರಿಕೆಯ ಕಡೆ ನೋಡಲೂ ಇಲ್ಲ.

"ಯಾರಂದ್ರೋ, ನಂಗೂ ನೆಪ್ಪಿಲ್ಲ ಕಣಪ್ಪ."

"ಮತ್ತೆ ನಾನೇ ಅಂತ ಯಾಕೆ ಒಪ್ಕೊಂಡ್ರಿ?"

"ಎಲ್ರೂ ನನ್ ಕಡೇನೇ ನೋಡಿದ್ರಲ್ಲ" ಅಂದು ಒಲೆಯ ಕಡೆ ತಿರುಗಿಕೊಂಡರು.

ವಾಪಸ್ಸು ಬರುವ ಬಸ್ಸಿನಲ್ಲಿ ಯೋಚಿಸಿದೆ. ಯಾರು ಏನು ಹೇಳಿದರು ಅನ್ನುವುದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅವತ್ತು ಆ ಹಜಾರದಲ್ಲಿ, ಎಲ್ಲರಿಗಿಂತ ಮೊದಲು ಗೌರಕ್ಕನ ಕಡೆ ತಿರುಗಿದ ಕತ್ತು ಯಾರದು ಅಂತ ನೀವು ಕೇಳಿದ್ದರೆ?

ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.