ಮೂರನೇ ಚಿಪ್ಪಿನ ವೈರು

ಎಂಟನೇ ಇಯತ್ತೆಗೇ ಪಾಟೀಚೀಲ ಮೂಲೆಗಿಟ್ಟವನು ನಾನು. ಆದರೆ ನಾನು ಹಾಕಿದ ಸೋಲ್ಡರ್ ಬಿಚ್ಚಿದ್ದನ್ನು ಇವತ್ತಿನ ತನಕ ಯಾರೂ ನೋಡಿಲ್ಲ. ಜಂಬ ಅನ್ನುವವರು ಅನ್ನಲಿ. ತೆಲುಗು ನಾಡಿನ ಜೀಡಿಮೆಟ್ಲಾದ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಪ್ಯಾಕಿಂಗ್ ಟೇಬಲ್ಲಿನ ಮುಂದೆ ನಿಂತೆ. ಊಟದ ಹೊತ್ತಿನಲ್ಲಿ ಕೆಟ್ಟ ಬೋರ್ಡುಗಳ ಮೇಲೆ ಕೈ ಪಳಗಿಸಿಕೊಂಡೆ. ಅಂತೂ ಒಂದು ದಿನ ಮಾಲೀಕರು ನನ್ನನ್ನು ಬೆಂಚಿನ ಮುಂದೆ ಕೂರಿಸಿದರು. ಕೂರಿಸುವಾಗಲೇ ಷರತ್ತು ಹಾಕಿದರು: “ಈ ಒಂದು ಬೋರ್ಡು ನಡೆಸಿ ತೋರಿಸು ಉಸ್ತಾದ್. ನಡೆದರೆ ಬೆಂಚು ನಿನ್ನದು. ಇಲ್ಲಾಂದರೆ ಮತ್ತೆ ನಿನ್ನ ಟೇಪು, ನಿನ್ನ ಡಬ್ಬಿ.”

ಬೋರ್ಡು ಅಂದರೂ ಅದು ಅಸಲಿ ಬೋರ್ಡಿನ ವೇಷ ಅಷ್ಟೇ. ಒಂದು ಔಷಧಿ ಕಾರ್ಖಾನೆಯ ಕೋಲ್ಡ್ ರೂಮಿಗೆ ಕಂಟ್ರೋಲರ್ ಮಾಡಿಕೊಡಬೇಕಿತ್ತು. ಅದಕ್ಕೆ ಮೂರು ಚಿಪ್ಪು: ಒಂದು ತಂಪು ಅಳೆಯೋದು, ಒಂದು ತೇವ ಅಳೆಯೋದು, ಮೂರನೆಯದು ಅಳೆದದ್ದನ್ನು ನೆನಪಿಟ್ಟುಕೊಳ್ಳೋದು. ಆ ಚಿಪ್ಪುಗಳು ಇನ್ನೂ ಬಂದಿರಲಿಲ್ಲ, ಕಾರ್ಖಾನೆಯವರು ಕಾಯುವವರಲ್ಲ. ಅದಕ್ಕೇ ಮೂರು ಸಣ್ಣ ಮೈಕ್ರೋಕಂಟ್ರೋಲರ್ ತಂದು, ಒಂದೊಂದಕ್ಕೂ ಒಂದೊಂದು ಚಿಪ್ಪಿನ ಪಾತ್ರ ಕೊಡೋದು ಅಂತ ಆಯಿತು. ಪಾತ್ರದ ಮಾತು, ಅಂದರೆ ಪ್ರೋಗ್ರಾಂ, ಬರೆಯುವವರು ಊರಿನ ಇನ್ನೊಂದು ಬದಿಯ ಮಾದಾಪುರದಿಂದ ಬರುತ್ತಿದ್ದ ಇಂಜಿನಿಯರ್ ಮೇಡಂ, ಮೈಸೂರಿನವರು. ವೇಷ ಕಟ್ಟುವವನು ನಾನು.

ಮಾತಾಡುವ ತಂತಿಗಳು ಮೂರು ಚಿಪ್ಪಿಗೂ ಸೇರಿ ಒಂದೇ. ಒಂದು ವಠಾರದಲ್ಲಿ ಮೂರು ಮನೆ ಇದ್ದ ಹಾಗೆ. ಯಾರ ಬಾಗಿಲು ಬಡಿದರೋ ಅವರೊಬ್ಬರೇ ಓ ಅನ್ನಬೇಕು, ಉಳಿದವರು ತುಟಿ ಪಿಟಕ್ ಅನ್ನಬಾರದು. ಬಾಗಿಲು ಬಡಿಯಲು ಮಾತ್ರ ಒಂದೊಂದಕ್ಕೆ ಒಂದೊಂದು ಬೇರೆ ವೈರು. ಸೆಲೆಕ್ಟ್ ವೈರು ಅಂತೀವಿ. ಅದರಲ್ಲಿ ವೋಲ್ಟೇಜ್ ಇರುವ ತನಕ ಚಿಪ್ಪು ಸುಮ್ಮನಿರುತ್ತದೆ, ಇಳಿಸಿದರೆ ಕರೆದ ಹಾಗೆ.

ದಿನವೆಲ್ಲಾ ತೆಲುಗು, ಹಿಂದಿ ಆಡಿದ ಬಾಯಿಗೆ ಕನ್ನಡದವರು ಸಿಕ್ಕರೆ ಹಬ್ಬ. ಬೆಂಚಿನ ಮುಂದೆ ನಮ್ಮದು ಕನ್ನಡವೇ ನಡೆಯಿತು, ಅವರದು ಮೈಸೂರಿನದು, ನನ್ನದು ಉತ್ತರದ ಕಡೆಯದು. ಮೊದಲಿನ ಎರಡು ಚಿಪ್ಪು ಸಲೀಸಾಗಿ ಉತ್ತರ ಕೊಟ್ಟವು. ಕಾರ್ಖಾನೆಯವರು ಬರುವ ಹಿಂದಿನ ಸಂಜೆ ಮೇಡಂ ಹೆಲ್ಮೆಟ್ ಹಾಕಿಕೊಳ್ಳುತ್ತಾ ಹೇಳಿದರು: “ಅಣ್ಣಾ, ಮೂರನೇದರ ಪ್ರೋಗ್ರಾಂ ಇನ್ನೂ ಮುಗಿದಿಲ್ಲ, ಬೆಳಿಗ್ಗೆ ತಂದು ಹಾಕ್ತೀನಿ. ನೀವು ಅದರ ಸೆಲೆಕ್ಟ್ ವೈರ್ ಬಿಡಿ.”

“ಆತ್ರಿ” ಅಂದೆ. ಹೇಳಿದ ಹಾಗೇ ಮಾಡಿದೆ. ಆಮೇಲೆ ಎಲ್ಲ ವೈರುಗಳನ್ನೂ ಜಡೆಯಂತೆ ಒಟ್ಟು ಮಾಡಿ ಪ್ಲಾಸ್ಟಿಕ್ ಟೈ ಬಿಗಿದೆ.

ಬೆಳಿಗ್ಗೆ ಕಾರ್ಖಾನೆಯ ಇಬ್ಬರು ಮಾಲೀಕರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಇತ್ತ ಮೇಡಂ ಮೂರನೆಯದಕ್ಕೆ ಪ್ರೋಗ್ರಾಂ ತುಂಬಿದರು. ತುಂಬಿದ್ದೇ ತಡ, ನಿನ್ನೆ ತನಕ ಶಾಣ್ಯಾ ಮಕ್ಕಳಂತಿದ್ದ ಮೊದಲಿನ ಎರಡಕ್ಕೂ ಹುಚ್ಚು ಹಿಡಿಯಿತು. ಲ್ಯಾಪ್‌ಟಾಪಿನಲ್ಲಿ ನಾಲ್ಕು ಡಿಗ್ರಿ ಅಂತಿದ್ದದ್ದು ಕುದಿಯುವ ನೀರಿನ ಬಿಸಿಗೆ ಜಿಗಿಯಿತು, ಮರುಕ್ಷಣ ಸೊನ್ನೆ, ಮತ್ತೆ ನಾಲ್ಕು.

“ವೈರಿಂಗ್ ಸರಿಯಾಗಿದೆಯಾ ಅಣ್ಣಾ?”

“ನೀವು ಹೇಳಿದಂಗ ಐತ್ರಿ. ನಿಮ್ಮ ಪ್ರೋಗ್ರಾಂ ನೋಡ್ಕೊಳ್ರಿ.”

“ನೋಡ್ತಾನೇ ಇದೀನಿ.” ಅವರ ದನಿ ಬಿಗಿಯಾಗಿತ್ತು. ನನ್ನದೂ.

ಬಾಗಿಲಲ್ಲಿ ಮಾಲೀಕರ ತಲೆ ಕಂಡಿತು. “ಕ್ಯಾ ಉಸ್ತಾದ್, ಹೋತಾ ಕಿ ನೈ?”

“ಹೋತಾ ಸಾಬ್” ಅಂದೆ, ಆಗುತ್ತೆ ಅಂತ. ಹಿಂದೆ, ಪ್ಯಾಕಿಂಗ್ ಟೇಬಲ್ಲಿನ ಕಡೆಯಿಂದ, ಟೇಪು ಚರ್ರನೆ ಹರಿಯುವ ಸದ್ದು ಕೇಳುತ್ತಲೇ ಇತ್ತು.

ನನ್ನ ಸೋಲ್ಡರನ್ನು ಒಂದೊಂದಾಗಿ ನೋಡಲು ಕೈ ಒಯ್ದೆ. ಕೈ ಹತ್ತಿರ ಹೋದರೆ ಅಂಕಿ ಇನ್ನೂ ಜೋರಾಗಿ ಕುಣಿಯಿತು, ಹಿಂದೆ ತೆಗೆದರೆ ತುಸು ತಣ್ಣಗಾಯಿತು. ಮೇಡಂ ಅದನ್ನು ಗಮನಿಸಿದರು.

“ಇನ್ನೊಂದ್ಸಲ ಕೈ ತನ್ನಿ. ತೆಗೀರಿ. ಯಾವುದೋ ಸೆಲೆಕ್ಟ್ ವೈರ್ ಜೋಡಿಸದೆ ಗಾಳೀಲಿದೆ, ಕೈ ಹತ್ತಿರ ಬಂದ್ರೂ ಅದರ ವೋಲ್ಟೇಜ್ ಏರಿಳಿಯುತ್ತೆ. ಮೂರನೇದು ಯಾರೂ ಕರೀದೇನೇ ಓ ಅಂತಿದೆ, ಉಳಿದೆರಡರ ಮಾತಿನ ಮಧ್ಯೆ ಬಾಯಿ ಹಾಕ್ತಿದೆ.”

“ನನ್ನ ಸೋಲ್ಡರ್ ಬಿಚ್ಚಂಗಿಲ್ರೀ.”

“ನಿಮ್ಮ ಸೋಲ್ಡರಿಗೆ ಯಾರು ಏನಂದ್ರು? ಟೈ ಕತ್ತರಿಸಿ ಅಣ್ಣಾ.”

ಅಷ್ಟು ಚಂದ ಕಟ್ಟಿದ್ದನ್ನು ಕತ್ತರಿಸಲು ಮನಸ್ಸು ಒಪ್ಪಲಿಲ್ಲ. ಆದರೂ ಕತ್ತರಿಸಿದೆ. ವೈರುಗಳು ಹರಡಿಕೊಂಡವು. ನಡುವಿನಿಂದ ಒಂದು ನೀಲಿ ವೈರು ಹೊರಗೆ ಬಂತು. ಅದರ ತುದಿಗೆ ನಾನೇ ಹಾಕಿದ್ದ ಕರಿ ಸ್ಲೀವು. ಜೋಡಿಸದ ತಂತಿಯ ತುದಿಯನ್ನು ಬರಿಮೈಲೆ ಇಡಬಾರದು, ಅದು ಕೆಲಸದ ಮರ್ಯಾದೆ.

“ಇದ್ಯಾಕೆ ಇಲ್ಲೇ ನಿಂತಿದೆ?”

“ನೀವ ಬಿಡ್ರಿ ಅಂದಿದ್ರಲ್ಲಾ. ಪ್ರೋಗ್ರಾಂ ಆಗಿಲ್ಲ, ಬಿಡ್ರಿ ಅಂತ.”

“ಅಯ್ಯೋ ಅಣ್ಣಾ! ಬಿಡಿ ಅಂದ್ರೆ ಎಳೀರಿ ಅಂತ! ಪ್ರೋಗ್ರಾಂ ಬರೋದ್ರೊಳಗೆ ವೈರ್ ಎಳೆದು ಜೋಡಿಸಿಡಿ ಅಂತ!”

“ಇದೆಲ್ಲಿ ಕನ್ನಡರಿ?”

“ನಲ್ಲಿ ನೀರು ಬಿಡಿ ಅಂದ್ರೆ ಏನ್ಮಾಡ್ತೀರಾ?”

“ಬೀಡಿ ಬಿಡು ಅಂದ್ರ ನೀವೇನ್ ಮಾಡ್ತೀರಿ?”

ಅವರಿಗೆ ನಗು ಬಂತು, ನನಗೂ. ಅಷ್ಟರಲ್ಲಿ ಮಾಲೀಕರು ಆ ಇಬ್ಬರನ್ನು ಕರೆದುಕೊಂಡು ಬೆಂಚಿನ ಹತ್ತಿರ ಬಂದೇಬಿಟ್ಟರು. ನಗು ಅಲ್ಲೇ ನಿಂತಿತು.

“ಒಂದು ವೈರ್ ಉಳಿದಿದೆ, ಈಗ ಆಗುತ್ತೆ” ಅಂತ ಮೇಡಂ ಹಿಂದಿಯಲ್ಲಿ ಹೇಳಿದರು. ತಪ್ಪು ಯಾರದು ಅಂತ ಹೇಳಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು.

ಕರೆಂಟು ತೆಗೆದು ಸ್ಲೀವು ಕಿತ್ತೆ. ವೈರು ಕೂರಬೇಕಾದ ಜಾಗ ಎಳ್ಳಿನಷ್ಟು, ಅದರ ಎಡಕ್ಕೆ ಬಲಕ್ಕೆ ಚಿಪ್ಪಿನ ಬೇರೆ ಎರಡು ಕಾಲು. ಸೋಲ್ಡರ್ ಒಂದು ಕೂದಲಿನಷ್ಟು ಹರಿದು ಪಕ್ಕದ ಕಾಲಿಗೆ ತಾಗಿದರೆ, ಕರೆಂಟ್ ಕೊಟ್ಟ ಕೂಡಲೇ ಎಲ್ಲರ ಎದುರಿಗೇ ಬೋರ್ಡು ಸಾಯುತ್ತದೆ. ಕಾರ್ಖಾನೆಯವರಲ್ಲಿ ಒಬ್ಬರು ನನ್ನ ಹೆಗಲ ಮೇಲಿಂದಲೇ ಬಗ್ಗಿ ನೋಡುತ್ತಿದ್ದರು, ಅವರ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. “ಇವರೇ ಮಾಡಿದ್ದಾ?” ಅಂತ ಕೇಳಿದರು. “ಮೊನ್ನೆ ತನಕ ಪ್ಯಾಕಿಂಗಿನಲ್ಲಿದ್ದ” ಅಂದರು ಮಾಲೀಕರು. ಆ ಮಾತಿಗೆ ಸಿಟ್ಟು ಬಂತು, ಸಿಟ್ಟಿಗೆ ಕೈ ಕಲ್ಲಾಯಿತು. ಉಸಿರು ಹಿಡಿದು ಸೋಲ್ಡರಿಂಗ್ ಐರನ್ ಮುಟ್ಟಿಸಿದೆ, ತೆಗೆದೆ.

ಮೇಡಂ ಕರೆಂಟ್ ಕೊಟ್ಟರು. ನಾಲ್ಕು ಡಿಗ್ರಿ. ತೇವ ಬಂತು. ಮೂರನೆಯದು ಕರೆಯುವ ತನಕ ಸುಮ್ಮನಿತ್ತು, ಕರೆದಾಗ ಬರೆದಿಟ್ಟಿದ್ದನ್ನು ಓದಿ ಹೇಳಿತು. ನಾನು ಬೋರ್ಡಿನ ಮೇಲೆ ಕೈಯಾಡಿಸಿದೆ. ಒಂದು ಅಂಕಿಯೂ ಕದಲಲಿಲ್ಲ.

ಕಾರ್ಖಾನೆಯವರು ಹೋದ ಮೇಲೆ ಮಾಲೀಕರು ಏನಾಗಿತ್ತು ಅಂತ ಕೇಳಿದರು. ಮೇಡಂ “ಬಿಡಿ”ಯ ಕಥೆ ಹೇಳಿದರು. ಮಾಲೀಕರು ನಗಲಿಲ್ಲ. “ಬೆಂಚು ಇವನದೇ. ಆದರೆ ಬೆಂಚಿನ ಮೇಲೆ ಕನ್ನಡ ಬಂದ್. ನಾಳೆಯಿಂದ ತೆಲುಗು” ಅಂದು ಹೋದರು.

ನನ್ನ ತೆಲುಗು ಸಂತೆಯ ತೆಲುಗು. ಮೇಡಂಗೆ ಅದೂ ಇಲ್ಲ. ಮಾರನೇ ದಿನ ಹೊಸ ಬೋರ್ಡಿನ ಮುಂದೆ ಇಬ್ಬರೂ ಮೂಕರಂತೆ ಕೂತೆವು. ಕೊನೆಗೆ ಅವರು ಬೆರಳಿಟ್ಟು ತೋರಿಸಿದರು, ಇಲ್ಲಿಂದ ಅಲ್ಲಿಗೆ ಅಂತ. ನಾನು ಸ್ಟೂಲು ಮುಂದಕ್ಕೆ ಎಳೆದುಕೊಂಡು ಐರನ್ ಕಾಯಲು ಇಟ್ಟೆ.